ಮೊಬೈಲ್ ಹಿಡಿದರೆ ಬಾಯಲ್ಲಿ ಬೈಗುಳ: ತಪ್ಪು ಹುಡುಗನದ್ದಾ, ಆಟದ್ದಾ?

ಗೂಳೂರು: ಸಂಜೆಯಾದರೆ ಅಂಗಡಿ ಕಟ್ಟೆಗಳ ಮೇಲೆ ನಾಲ್ಕು ಹುಡುಗರು ಕೂತಿದ್ದರೆ ನಾಲ್ವರ ಕೈಯಲ್ಲೂ ಮೊಬೈಲ್, ಕಿವಿಯಲ್ಲಿ ಇಯರ್‌ಫೋನ್. ಐದು ನಿಮಿಷ ಮೌನ. ಆಮೇಲೆ ಒಮ್ಮೆಲೇ ಕೂಗಾಟ, ಬೈಗುಳ. 'ಮನೇಲಿ ಒಂದು ಕೆಟ್ಟ ಮಾತು ಆಡದ ಹುಡುಗ ಗೇಮ್ ಹಿಡಿದ್ರೆ ಹೀಗ್ಯಾಕೆ ಆಡ್ತಾನೆ?' ಅನ್ನೋದು ಎಷ್ಟೋ ಮನೆಗಳ ಪ್ರಶ್ನೆ. ಅರ್ಧ ಉತ್ತರ ಹುಡುಗನ ಹತ್ತಿರ ಇದೆ. ಇನ್ನರ್ಧ ಇರುವುದು ಆಟ ಕಟ್ಟಿರುವ ರೀತಿಯಲ್ಲಿ.

ಚೌಕಾಬಾರದಲ್ಲೂ ಹೀಗೇ

ಚೌಕಾಬಾರ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬುದು ಬಹುತೇಕ ಊರುಗಳ ನಿಯಮ. ಹೊಡೆದರೆ ಇನ್ನೊಂದು ಸಲ ಕವಡೆ ಹಾಕಬಹುದು. ಹಾಗಾಗಿ ಎಷ್ಟೇ ಸಾಧು ಸ್ವಭಾವದ ಅಜ್ಜಿಯಾದರೂ ಮೊಮ್ಮಗನ ಕಾಯಿ ಹೊಡೆದೇ ಹೊಡೆಯುತ್ತಾಳೆ. ಅದು ಅಜ್ಜಿಯ ಗುಣವಲ್ಲ, ಆಟದ ನಿಯಮ. ಗೆರೆ ಎಳೆದ ಕಟ್ಟೆಮನೆಯಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವುದಿಲ್ಲ, ಅದೂ ನಿಯಮವೇ.

ಬಿಜಿಎಂಐ ಆಟದಲ್ಲಿ ಸುಮಾರು 100 ಜನ ಒಂದೇ ನಕ್ಷೆಗೆ ಇಳಿಯುತ್ತಾರೆ. ಕೊನೆಗೆ ಉಳಿದ ತಂಡ ಗೆದ್ದಂತೆ. ದೂರ ಅಡಗಿ ಕೂರೋಣ ಅಂದರೆ ಸುರಕ್ಷಿತ ವೃತ್ತ ಕಿರಿದಾಗುತ್ತಾ ಬರುತ್ತದೆ. ಜಗಳಕ್ಕೆ ಹೋಗದವನನ್ನೂ ಆಟವೇ ಜಗಳಕ್ಕೆ ತಳ್ಳುತ್ತದೆ. ಅರ್ಧಕ್ಕೆ ಎದ್ದರೆ ತಂಡದ ಉಳಿದ ಮೂವರಿಗೆ ನಷ್ಟ, ತನ್ನ ರ‍್ಯಾಂಕ್‌ಗೂ ಪೆಟ್ಟು. 'ಊಟಕ್ಕೆ ಬಾ' ಅಂದಾಗ, 'ಅಂಗಡೀಲಿ ಗಿರಾಕಿ ನಿಂತಿದಾರೆ ನೋಡು' ಅಂದಾಗ ಹುಡುಗ ಸಿಡುಕುವುದು ಇದಕ್ಕೇ. ಅದರ ಮೇಲೆ ದಿನಕ್ಕೊಂದು ಟಾಸ್ಕ್, ದಿನಾ ಲಾಗಿನ್ ಆದರೆ ಬಹುಮಾನ. ಒಂದು ದಿನ ತಪ್ಪಿದರೆ ಏನೋ ಕಳೆದುಕೊಂಡ ಹಾಗೆ.

ನೋಡುವವರು ಯಾರೂ ಇಲ್ಲ

ಮೊದಲು ಬಯಲಲ್ಲಿ ಕಬಡ್ಡಿ, ಚಿನ್ನಿದಾಂಡು ಆಡುವಾಗ ಬಾಯಿ ತಪ್ಪಿದರೆ ಜಗಲಿ ಮೇಲಿದ್ದ ಹಿರಿಯರು 'ಯಾರ ಮಗನೋ ನೀನು?' ಅನ್ನುತ್ತಿದ್ದರು. ಅಷ್ಟು ಸಾಕಿತ್ತು. ನಾಳೆ ಅದೇ ಬಯಲಿಗೆ, ಅದೇ ಹುಡುಗರ ಜತೆಗೇ ಆಡೋಕೆ ಬರಬೇಕಿತ್ತು. ಆನ್‌ಲೈನ್ ಆಟದಲ್ಲಿ ಎದುರಿರುವವನ ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಮ್ಯಾಚ್ ಮುಗಿದರೆ ಮತ್ತೆ ಸಿಗುವುದೂ ಇಲ್ಲ. ಮೈಕ್ ಮಾತ್ರ ತೆರೆದಿರುತ್ತದೆ.

ಇದನ್ನು ಸರಿಪಡಿಸಲು ಆಗುತ್ತದೆಯೇ? ಆಗುತ್ತದೆ ಎಂಬುದಕ್ಕೆ ಅಮೆರಿಕದ ರಾಯಟ್ ಗೇಮ್ಸ್ ಕಂಪನಿಯ ಅನುಭವವೇ ಸಾಕ್ಷಿ. ಅದರ 'ಲೀಗ್ ಆಫ್ ಲೆಜೆಂಡ್ಸ್' ಆಟದಲ್ಲಿ ಬೈಗುಳ ವಿಪರೀತವಾಗಿತ್ತು. ಕಂಪನಿ ಒಂದೇ ಒಂದು ಸೆಟ್ಟಿಂಗ್ ಬದಲಿಸಿತು. ಎದುರು ತಂಡದ ಜತೆಗಿನ ಚಾಟ್ ಮೊದಲೇ ಆಫ್ ಆಗಿರುತ್ತದೆ, ಬೇಕಾದವರು ಆನ್ ಮಾಡಿಕೊಳ್ಳಬಹುದು. ಕೆಟ್ಟ ಮಾತು ಶೇ 30ಕ್ಕಿಂತ ಹೆಚ್ಚು ಇಳಿಯಿತು. ಚಾಟ್ ಮಾಡುವುದು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು.

ಅದೇ ಕಂಪನಿ ಇನ್ನೊಂದು ವಿಷಯ ಕಂಡುಕೊಂಡಿತು. ಯಾವಾಗಲೂ ಕೆಟ್ಟದಾಗಿ ನಡೆದುಕೊಳ್ಳುವವರು ಶೇ 1ರಷ್ಟು ಮಾತ್ರ, ಒಟ್ಟು ಬೈಗುಳದಲ್ಲಿ ಅವರ ಪಾಲು ಶೇ 5ರಷ್ಟು. ಉಳಿದದ್ದರಲ್ಲಿ ಹೆಚ್ಚಿನದು, ಯಾವುದೋ ಒಂದು ದಿನ ತಲೆಕೆಟ್ಟ ಸಾಮಾನ್ಯ ಆಟಗಾರರದ್ದು. ಅಂದರೆ ಪುಂಡರನ್ನಷ್ಟೇ ಹೊರಗೆ ಹಾಕಿದರೆ ಸಾಲದು. ನಿರ್ಬಂಧ ಹಾಕುವಾಗ 'ನೀನು ಆಡಿದ ಮಾತು ಇದು, ಅದಕ್ಕೇ ಈ ಶಿಕ್ಷೆ' ಎಂದು ತೋರಿಸಿದಾಗ ಹೆಚ್ಚು ಜನ ತಿದ್ದಿಕೊಂಡರು. ಕಾರಣ ಹೇಳದೆ ಹೊಡೆದರೆ ಮಗು ಕಲಿಯಲ್ಲ ಅನ್ನೋ ನಮ್ಮ ಮಾತೇ ಇದು.

ಸರ್ಕಾರ ಏನು ಮಾಡಿದೆ?

ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಅದೇ ಮಾದರಿಯ ಆಟ ಬಂತು. 2022ರ ಜುಲೈನಲ್ಲಿ ಅದನ್ನೂ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲಾಯಿತು. 2023ರ ಮೇನಲ್ಲಿ ಮೂರು ತಿಂಗಳ ಪರೀಕ್ಷಾರ್ಥ ಅನುಮತಿಯೊಂದಿಗೆ ವಾಪಸ್ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಎಂಬ ಮಿತಿ ಇತ್ತು. ಆದರೆ ಹುಡುಗ ಅಪ್ಪನ ನಂಬರ್, ಅಪ್ಪನ ವಯಸ್ಸು ಹಾಕಿದರೆ ಆಟದ ಲೆಕ್ಕದಲ್ಲಿ ಅವನೂ ದೊಡ್ಡವನೇ.

ದುಡ್ಡು ಕಟ್ಟಿ ಆಡುವ ಆಟಗಳದ್ದು ಬೇರೆ ಕಥೆ. ರಾಜ್ಯದ 2021ರ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಕೇಂದ್ರದ ಹೊಸ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಮಾಡುವವರಿಗೂ ಶಿಕ್ಷೆ ಇದೆ. ಆಡಿದವರಿಗೆ ಶಿಕ್ಷೆ ಇಲ್ಲ. ಪಣವಿಲ್ಲದ ಸಾಮಾನ್ಯ ಆಟಗಳನ್ನು, ಇ-ಸ್ಪೋರ್ಟ್ಸ್ ಅನ್ನು ಈ ಕಾಯ್ದೆ ನಿಷೇಧಿಸಿಲ್ಲ. ಅಲ್ಲಿನ ಮಾತು, ಹೊತ್ತು, ಖರ್ಚು ನೋಡಿಕೊಳ್ಳಬೇಕಾದವರು ಕಂಪನಿ ಮತ್ತು ಮನೆಯವರು.

ಮನೆಯವರು, ಅಂಗಡಿಯವರು ಏನು ಮಾಡಬಹುದು?

- ಗೇಮ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಮತ್ತು ಸ್ಪೀಕರನ್ನು 'ಆಲ್' ಬದಲು 'ಟೀಮ್'ಗೆ ಇಡಿಸಿ. ಗೊತ್ತಿರುವ ಗೆಳೆಯರ ಜತೆಗೇ ತಂಡ ಕಟ್ಟಲು ಹೇಳಿ.
- ಬೈದವನಿಗೆ ತಿರುಗಿ ಬೈಯುವ ಬದಲು ಮ್ಯೂಟ್ ಮಾಡಿ ರಿಪೋರ್ಟ್ ಒತ್ತುವುದನ್ನು ಕಲಿಸಿ.
- 'ಈಗಲೇ ಇಡು' ಅನ್ನುವುದಕ್ಕಿಂತ 'ಈ ಮ್ಯಾಚ್ ಮುಗಿಸಿ ಏಳು, ಇನ್ನೊಂದು ಶುರು ಮಾಡಬೇಡ' ಅನ್ನಿ. ಜಗಳ ಕಡಿಮೆಯಾಗುತ್ತದೆ.
- ಗಲ್ಲಾದಲ್ಲಿರುವ, ಯುಪಿಐ ಹಾಕಿರುವ ಫೋನ್ ಗೇಮ್‌ಗೆ ಕೊಡಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.
- ಗೇಮ್ ಕಾಯಿನ್ ಕೊಡ್ತೀವಿ ಅಂತ ಯಾರಾದರೂ ದುಡ್ಡು ಹೊಡೆದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಹದಿನೆಂಟು ಕೋಮಿನವರು ಸೇರಿ ನಡೆಸುವ ಗೂಳೂರು ಗಣಪತಿ ಜಾತ್ರೆಗೆ ಎಷ್ಟು ಜನ ಸೇರಿದರೂ ಹೇಳುವವರು, ಕೇಳುವವರು ಇರುತ್ತಾರೆ. ಫೋನಿನೊಳಗಿನ ಜಾತ್ರೆಗೆ ಊರಿನ ಹಿರಿಯರಿಲ್ಲ. ವಾರಕ್ಕೊಮ್ಮೆಯಾದರೂ ಮಗನ ಪಕ್ಕ ಕೂತು 'ಇದು ಹೇಗೆ ಆಡೋದು, ತೋರ್ಸು' ಅಂತ ಕೇಳಿ. ಕಿತ್ತುಕೊಂಡ ಫೋನ್ ನಾಳೆ ಮತ್ತೆ ಅವನ ಕೈಗೇ ಹೋಗುತ್ತದೆ. ಅಪ್ಪ ಪಕ್ಕದಲ್ಲಿ ಕೂತಿದ್ದಾನೆ ಅಂತ ಗೊತ್ತಾದರೆ ಅವನ ಬಾಯಿ ತಾನಾಗೇ ಹಿಡಿತಕ್ಕೆ ಬರುತ್ತದೆ.