ಪೈಪ್ ಒಡೆದ್ರೆ ಮೊದಲು ವಾಲ್ವ್, ಆಮೇಲೆ ಫೋನ್

ಬಾತ್‌ರೂಮಲ್ಲಿ ಪೈಪ್ ಒಡೆದು ನೀರು ಹಾಲ್‌ವರೆಗೂ ಬರ್ತಿದೆಯಾ? ಪ್ಲಂಬರ್‌ಗೆ ಫೋನ್ ಆಮೇಲೆ. ಮೊದಲು ನೀರು ನಿಲ್ಲಿಸಿ.

ಸಿಂಕ್, ಕಮೋಡ್ ಪೈಪ್ ಸೋರಿದ್ರೆ ಪಕ್ಕದಲ್ಲೇ ಇರೋ ಆಂಗಲ್ ಕಾಕ್ ಬಲಕ್ಕೆ ತಿರುಗಿಸಿ, ಸಾಕು. ಗೋಡೆಯೊಳಗಿನ ಪೈಪ್ ಆದ್ರೆ ಟೆರೇಸ್‌ಗೆ ಓಡಿ, ಟ್ಯಾಂಕ್‌ನಿಂದ ಇಳಿಯೋ ಪೈಪ್‌ನ ಗೇಟ್ ವಾಲ್ವ್ ಮುಚ್ಚಿ. ಆದರೆ ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಂಡು ಕೂತಿರುತ್ತೆ. ಜೋರು ಮಾಡಿದ್ರೆ ಮುರಿದೇ ಹೋಗಬಹುದು. ಅದಕ್ಕೇ ಆಗಾಗ ಮುಚ್ಚಿ, ತೆರೆದು ನೋಡ್ತಿರಿ. ಮನೆಯವರೆಲ್ಲರಿಗೂ ಅದು ಎಲ್ಲಿದೆ ಅಂತ ತೋರಿಸಿ.

ನೀರು ಸ್ವಿಚ್‌ಬೋರ್ಡ್ ಕಡೆ ಹೋಗ್ತಿದ್ರೆ, ಒಣ ಜಾಗದಲ್ಲಿ ನಿಂತು ಮೇನ್ ಆಫ್ ಮಾಡಿ.

ಇನ್ನು ಪ್ಲಂಬರ್. ಒಳ್ಳೆಯವರನ್ನ ಹುಡುಕೋ ಹೊತ್ತು ಪೈಪ್ ಒಡೆದ ರಾತ್ರಿಯಲ್ಲ. ಅಕ್ಕಪಕ್ಕದ ಮನೆಯವರನ್ನ ಕೇಳಿ, ಅವರು ಹೇಳಿದ ಪ್ಲಂಬರ್‌ಗೆ ಒಂದು ನಲ್ಲಿ ರಿಪೇರಿ ಕೊಟ್ಟು ಕೆಲಸ ನೋಡಿ. ಬಂದವರು ಸರಿಯಾಗಿ ನೋಡದೇ ‘ಟೈಲ್ಸ್ ಒಡೀಬೇಕು’ ಅಂದ್ರೆ, ಯಾಕೆ ಅಂತ ಕೇಳಿ. ಕೂಲಿ ಎಷ್ಟು, ಸಾಮಾನಿಗೆ ಎಷ್ಟು, ಬೇರೆ ಬೇರೆ ಹೇಳಿಸಿ. ಕೆಲಸ ಗೊತ್ತಿರೋರು ಸಿಪಿವಿಸಿ ಪ್ಲಾಸ್ಟಿಕ್ ಪೈಪ್‌ನ ಜಾಯಿಂಟ್‌ಗೆ ಸಾಲ್ವೆಂಟ್ ಅಂಟು ಹಚ್ಚಿದ ಕೂಡಲೇ ನೀರು ಬಿಡಲ್ಲ, ಅದು ಹಿಡಿಯೋವರೆಗೂ ಕಾಯ್ತಾರೆ.

ನೀರು ಬಿಟ್ಟ ಮೇಲೆ ಜಾಯಿಂಟ್ ಸುತ್ತ ಟಿಶ್ಯೂ ಒತ್ತಿ ನೋಡಿ. ಟಿಶ್ಯೂ ಒದ್ದೆಯಾಗದಿದ್ರೆ ಮಾತ್ರ ದುಡ್ಡು ಕೊಡಿ.