ಮಾಗಿಯ ಚಳಿಯಲ್ಲಿ ಹಿತ್ತಲ ಕೋಳಿ

ದೀಪಾವಳಿ ಕಳೆದು ಕಡಲೆಕಾಯಿ ಪರಿಷೆ ಹತ್ತಿರವಾಗುವಷ್ಟರಲ್ಲಿ ಬೆಂಗಳೂರಿನ ಅಲ್ಲಾಳಸಂದ್ರದ ಹವೆ ಬದಲಾಗಿರುತ್ತದೆ. ಊರಿಗೊಂದು ಕೆರೆ ಇದೆ, ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ನೂರಾರು ಎಕರೆ ಹೊಲ ತೋಪುಗಳಿವೆ. ಹಾಗಾಗಿ ಮೆಜೆಸ್ಟಿಕ್ಕಿನಲ್ಲಿ ಸ್ವೆಟರ್ ಬೇಕೆನಿಸದ ಬೆಳಗಿನಲ್ಲೂ ಇಲ್ಲಿ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಬಳ್ಳಾರಿ ರಸ್ತೆಯ ವಿಮಾನ ನಿಲ್ದಾಣದಲ್ಲಿ ಮಂಜಿಗೆ ವಿಮಾನಗಳು ತಡವಾಗುವ ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಹಿತ್ತಲುಗಳ ಹೇಂಟೆಗಳು ಪುಕ್ಕ ಉಬ್ಬಿಸಿ, ಒಂದು ಕಾಲು ಮಡಚಿ ನಿಂತಿರುತ್ತವೆ. ಅಪಾರ್ಟ್‌ಮೆಂಟುಗಳು ಊರನ್ನು ಸುತ್ತುವರಿದಿದ್ದರೂ ಹಳೇ ಬೀದಿಗಳಲ್ಲಿ ಐದಾರು ಕೋಳಿ ಸಾಕುವ ಮನೆಗಳು ಇನ್ನೂ ಇವೆ. ಇತ್ತೀಚೆಗೆ ಯಲಹಂಕ ಉಪನಗರದ ಸೈಟುಗಳಲ್ಲಿ ಮನೆ ಕಟ್ಟಿಸಿದವರೂ ಮಕ್ಕಳಿಗೆ ನಾಟಿ ಮೊಟ್ಟೆ ಸಿಗಲಿ ಎಂದು ಹಿತ್ತಲಲ್ಲಿ ಗೂಡು ಇಡುತ್ತಿದ್ದಾರೆ. ಹೊಸದಾಗಿ ಸಾಕುವವರನ್ನು ಕಾಡುವ ಮೊದಲ ಪ್ರಶ್ನೆ ಚಳಿಯದೇ.

ಚಳಿ ಎಂದ ಕೂಡಲೇ ಎಲ್ಲರ ಕೈಯೂ ಟಾರ್ಪಾಲಿನತ್ತ ಹೋಗುತ್ತದೆ. ಗೂಡಿನ ನಾಲ್ಕೂ ಬದಿಗೆ ಪ್ಲಾಸ್ಟಿಕ್ ಸುತ್ತಿ, ಸಂದುಗಳಿಗೆ ಗೋಣಿ ತುರುಕಿ, ಬಾಗಿಲು ಬಿಗಿದು, ಕೋಳಿಗಳು ಬೆಚ್ಚಗಿವೆ ಎಂದುಕೊಂಡು ಮಲಗುತ್ತಾರೆ. ಬೆಳಗ್ಗೆ ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ, ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಹನಿಗಟ್ಟಿರುತ್ತದೆ. ವಾರ ಕಳೆಯುವುದರೊಳಗೆ ಒಂದು ಕೋಳಿ ಗೊರಗೊರ ಎನ್ನಲು ಶುರುಮಾಡುತ್ತದೆ. ಚಳಿಗಾಲದಲ್ಲಿ ದೊಡ್ಡ ಕೋಳಿಗೆ ಕುತ್ತು ತರುವುದು ತೇವ ಮತ್ತು ಕಟ್ಟಿದ ಗಾಳಿ. ನಮ್ಮ ಊರಿನ ಚಳಿಯನ್ನು ಅದು ತಾನೇ ನಿಭಾಯಿಸಿಕೊಳ್ಳುತ್ತದೆ. ಇದನ್ನು ತಿಳಿದುಕೊಂಡವರ ಗೂಡು ನೋಡಲು ಅಷ್ಟೇನೂ ಭದ್ರವಾಗಿ ಕಾಣುವುದಿಲ್ಲ. ಆದರೆ ಅಲ್ಲಿನ ಕೋಳಿಗಳ ಕಣ್ಣುಗಳು ಹೊಳೆಯುತ್ತಿರುತ್ತವೆ.

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕ ಉಬ್ಬಿಸಿದಾಗ ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದರ ಕಂಬಳಿ. ಆ ಗಾಳಿ ಒಣಗಿರುವವರೆಗೆ ಬಿಸಿ ನಿಲ್ಲುತ್ತದೆ; ಪುಕ್ಕ ಒದ್ದೆಯಾದರೆ ಕಂಬಳಿ ಹೋದ ಹಾಗೆಯೇ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂಥ ಚಳಿಯೂ ಪುಕ್ಕ ತುಂಬಿದ, ಹೊಟ್ಟೆ ತುಂಬಿದ ಕೋಳಿಯನ್ನು ಕೊಲ್ಲಲಾರದು.

ಹಿಮ ಬೀಳುವ ದೇಶಗಳವರು ಈ ಪಾಠವನ್ನು ಕಷ್ಟಪಟ್ಟೇ ಕಲಿತರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಚಳಿಗೆ ಕೋಳಿಗಳ ಜುಟ್ಟು, ಗದ್ದದ ಜೋಲುಗಳು ಹೆಪ್ಪುಗಟ್ಟಿ ಕಪ್ಪಾಗಿ ಉದುರುತ್ತಿದ್ದವು. ಅಲ್ಲಿನ ಓಕಾ ಮಠದ ಸನ್ಯಾಸಿ ವಿಲ್ಫ್ರಿಡ್ ಶಾಟೆಲೆನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಳಿಗಳನ್ನು ಕೂಡಿಸುತ್ತಾ ಹೋಗಿ, ಜುಟ್ಟು ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದಾಗಿ ತಲೆಗೆ ಅಂಟಿಕೊಂಡಿರುವ ಕೋಳಿಯೊಂದನ್ನು ಬೆಳೆಸಿದರು. ಅದೇ ಶಾಂಟೆಕ್ಲೇರ್. 1921ರಲ್ಲಿ ಅಮೆರಿಕದ ಅಧಿಕೃತ ತಳಿಪಟ್ಟಿಗೆ ಅದು ಸೇರಿತು. ಗೂಡಿನ ಕಡೆಯಿಂದ ಯೋಚಿಸಿದವರು ಅಮೆರಿಕದ ಪ್ರಿನ್ಸ್ ವುಡ್ಸ್. ಒಂದು ಬದಿಯನ್ನು ತೆರೆದೇ ಬಿಟ್ಟ ಕೋಳಿಮನೆ ಎಲ್ಲ ಹವೆಗೂ ಒಗ್ಗುತ್ತದೆ ಎಂದು 1912ರಲ್ಲಿ ಅವರು ಪುಸ್ತಕವನ್ನೇ ಬರೆದರು. ಹಿಮದ ನಾಡಿನಲ್ಲೂ ಗೂಡಿಗೆ ಗಾಳಿ ಬೇಕು ಎನ್ನುವುದಾದರೆ ಅಲ್ಲಾಳಸಂದ್ರದಲ್ಲಿ ನಾವು ಅದನ್ನು ಕಟ್ಟಿಹಾಕಲು ಕಾರಣವೇ ಇಲ್ಲ. ಕೋಳಿ ಕೂರುವ ಮಟ್ಟಕ್ಕೆ ಗಾಳಿ ಬೀಸಿ ಹೊಡೆಯಬಾರದು. ಅದರ ತಲೆಯಿಂದ ಮೇಲೆ, ಸೂರಿನ ಕೆಳಗೆ, ಜಾಲರಿ ತೆರೆದೇ ಇರಬೇಕು. ಗೋಣಿಚೀಲ ಕಟ್ಟುವುದಿದ್ದರೆ ಮೂಡಗಾಳಿ ಬರುವ ಬದಿಗೆ, ಕೆಳಗಿನ ಅರ್ಧಕ್ಕೆ ಮಾತ್ರ ಕಟ್ಟಿ, ಬಿಸಿಲು ಬಂದೊಡನೆ ಎತ್ತಿಬಿಟ್ಟರೆ ಸಾಕು.

ನೆಲಕ್ಕೆ ಹಾಸುವುದು ಭತ್ತದ ಹೊಟ್ಟು ಅಥವಾ ಮರದ ಹೊಟ್ಟು, ನಾಲ್ಕು ಬೆರಳಿನಷ್ಟು ದಪ್ಪ. ಅದು ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ಎತ್ತಿ ಗಟ್ಟಿಯಾಗಿ ಅಮುಕಿ ಬೆರಳು ಬಿಡಿಸಬೇಕು. ಉಂಡೆ ಕಟ್ಟಿ ಹಾಗೇ ನಿಂತರೆ ತೇವ ಮಿತಿ ಮೀರಿದೆ. ಅಂಗೈಗೆ ಸ್ವಲ್ಪ ಅಂಟಿ, ಮೆಲ್ಲಗೆ ಬಿರುಕುಬಿಟ್ಟು ಉದುರಿದರೆ ಹದವಾಗಿದೆ. ಧೂಳಾಗಿ ಹಾರಿದರೆ ಅದೂ ಕೋಳಿಯ ಉಸಿರಿಗೆ ಒಳ್ಳೆಯದಲ್ಲ. ಉಂಡೆ ಕಟ್ಟುವ ಹೊಟ್ಟನ್ನು ಕೋಲಿನಿಂದ ಕೆದಕಿ, ಸ್ವಲ್ಪ ಸುಣ್ಣದ ಪುಡಿ ಬೆರೆಸಿ, ನೀರಿನ ತಟ್ಟೆಯ ಸುತ್ತ ಗಟ್ಟಿಕಟ್ಟಿದ ಹೊಟ್ಟನ್ನು ತೆಗೆದು ಹೊಸದನ್ನು ಹರಡಬೇಕು. ಮುಂಜಾನೆ ಒಳಗೆ ಬಗ್ಗಿದಾಗ ಕಣ್ಣುರಿದರೆ ಬೇರೆ ಪರೀಕ್ಷೆಯೇ ಬೇಡ: ನಾವು ಅರೆಗಳಿಗೆ ತಾಳಲಾರದ ಗಾಳಿಯನ್ನು ಕೋಳಿ ಇಡೀ ರಾತ್ರಿ ಕುಡಿದಿದೆ.

ಕೂರುವ ಕೋಲಿಗೂ ಚಳಿಗೂ ಸಂಬಂಧವಿದೆ. ದುಂಡನೆಯ ಸಣ್ಣ ಕೊಂಬೆಯ ಮೇಲೆ ಕೂತ ಕೋಳಿಯ ಬೆರಳುಗಳು ಕೆಳಗೆ ಸುತ್ತಿಕೊಂಡು ಗಾಳಿಗೆ ತೆರೆದಿರುತ್ತವೆ. ಎರಡು ಅಂಗುಲ ಅಗಲದ ಚಪ್ಪಟೆ ಪಟ್ಟಿ ಹಾಕಿದರೆ ಅದು ಪಾದ ಊರಿ ಕೂತು, ಹೊಟ್ಟೆಯ ಪುಕ್ಕವನ್ನು ಬೆರಳುಗಳ ಮೇಲೆ ಇಳಿಬಿಡುತ್ತದೆ. ಸಂಜೆ ಗೂಡಿಗೆ ಬಿಡುವ ಮೊದಲು ಒಂದು ಹಿಡಿ ಮುಸುಕಿನ ಜೋಳದ ನುಚ್ಚು ಹಾಕುವ ರೂಢಿಯೂ ಒಳ್ಳೆಯದು. ರಾತ್ರಿಯಿಡೀ ಅರಗುವ ಕಾಳು ಮೈ ಬಿಸಿಗೆ ಒದಗುತ್ತದೆ.

ಇಷ್ಟೆಲ್ಲ ಧೈರ್ಯ ದೊಡ್ಡ ಕೋಳಿಯ ವಿಷಯದಲ್ಲಿ. ಮರಿಗಳ ಲೆಕ್ಕವೇ ಬೇರೆ. ಮೊಟ್ಟೆಯೊಡೆದು ಬಂದ ಮರಿಗೆ ಇರುವುದು ನಯವಾದ ತುಪ್ಪಳ ಮಾತ್ರ. ಮೈ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಕಾವು ಕೂತ ತಾಯಿಯಿದ್ದರೆ ರೆಕ್ಕೆಯಡಿ ಸೇರಿಸಿಕೊಂಡು ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಯಂತ್ರದಲ್ಲಿ ಒಡೆದ ಮರಿಗಳನ್ನು ತಂದವರು ತಾವೇ ತಾಯಿಯ ಜಾಗದಲ್ಲಿ ನಿಲ್ಲಬೇಕು. ಮೊದಲ ವಾರ ಮರಿಗಳ ಮಟ್ಟದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೆ ಮುಗಿಯುವ ಈ ಆರೈಕೆ ಮಾಗಿಯಲ್ಲಿ ನಾಲ್ಕೈದು ವಾರ ಎಳೆಯುತ್ತದೆ. ಬಿದಿರಿನ ಮಂಕರಿಯನ್ನು ತಲೆಕೆಳಗು ಮಾಡಿ ಒಳಗೊಂದು ಬಲ್ಬು ಇಳಿಬಿಟ್ಟು, ಸುತ್ತ ರಟ್ಟಿನ ಬೇಲಿ ಹಾಕಿದರೆ ಮನೆಯ ಬ್ರೂಡರ್ ಸಿದ್ಧ. ಮರಿ ತಂದ ದಿನ ಮೊದಲು ಬೆಲ್ಲದ ನೀರು, ಕುಡಿದು ಚೇತರಿಸಿಕೊಂಡ ಮೇಲೆ ನುಚ್ಚು.

ಬಲ್ಬಿನ ವಿಚಾರದಲ್ಲಿ ಹೊಸಬರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈಗ ಅಂಗಡಿಯಲ್ಲಿ ಕೇಳಿದರೆ ಕೊಡುವುದು ಎಲ್‌ಇಡಿ. ಅದು ಬೆಳಗುತ್ತದೆ, ಕಾವು ಕೊಡುವುದಿಲ್ಲ. ಹಳೇ ಕಾಲದ ತಂತಿಯ ಬಲ್ಬನ್ನೇ ಹುಡುಕಿ ತರಬೇಕು. ಕರೆಂಟು ಹೋದ ರಾತ್ರಿ ಕೆಂಡದ ಕುಂಡ ಇಡುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಮರಿಗಳನ್ನೂ ಮನೆಯವರನ್ನೂ ಸದ್ದಿಲ್ಲದೆ ಕೊಲ್ಲಬಲ್ಲದು. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇಡುವುದು ಎಷ್ಟೋ ಮೇಲು.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಮರಿಗಳೇ ಹೇಳುತ್ತವೆ. ರಾತ್ರಿ ಒಂಬತ್ತಕ್ಕೊಮ್ಮೆ, ನಸುಕಿನಲ್ಲೊಮ್ಮೆ ಮಂಕರಿಯ ಪಕ್ಕ ಕೂತು ನೋಡಿ. ಎಲ್ಲವೂ ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕೀಚ್ ಕೀಚ್ ಎಂದು ಅರಚುತ್ತಿದ್ದರೆ ಕಾವು ಸಾಲದು; ಬಲ್ಬನ್ನು ಇಳಿಸಿ. ಬೇಲಿಯ ಅಂಚಿಗೆ ಹೋಗಿ, ರೆಕ್ಕೆ ಅಗಲಿಸಿ ಬಾಯಿ ತೆರೆದಿದ್ದರೆ ಕಾವು ಹೆಚ್ಚು. ಒಂದೇ ಮೂಲೆಗೆ ಒತ್ತಿಕೊಂಡಿದ್ದರೆ ಎದುರಿನಿಂದ ಎಲ್ಲೋ ಗಾಳಿ ನುಗ್ಗುತ್ತಿದೆ, ಆ ಸಂದನ್ನು ಹುಡುಕಿ. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ಕಾಲು ಚಾಚಿ ಮಲಗಿ, ಕೆಲವು ಮೇಯುತ್ತಾ ಸಣ್ಣಗೆ ಚಿಲಿಪಿಲಿ ಮಾಡುತ್ತಿದ್ದರೆ ನೀವು ನೆಮ್ಮದಿಯಾಗಿ ಮಲಗಬಹುದು. ಒಂದರ ಮೇಲೊಂದು ಬಿದ್ದ ಮರಿಗಳಲ್ಲಿ ಅಡಿಯವು ಸಾಯುವುದು ಉಸಿರುಗಟ್ಟಿ. ಬೆಳಗ್ಗೆ ಸತ್ತ ಮರಿ ಕಂಡು ರೋಗ ಎಂದುಕೊಂಡು ಔಷಧಿಗೆ ಓಡುವವರು ಮೊದಲು ಬಲ್ಬು ನೋಡಬೇಕು.

ಈ ಮರಿಗಳು ಬರುವ ಜಾಗ ಅಲ್ಲಾಳಸಂದ್ರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ಕೃಷಿ ವಿಶ್ವವಿದ್ಯಾಲಯದ ಜೊತೆಗಿದ್ದ ಅದು 2004ರಲ್ಲಿ ಬೀದರ್ ಕೇಂದ್ರವಾಗಿ ಹುಟ್ಟಿದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿತು. ಇಲ್ಲಿನ ಕೋಳಿ ವಿಜ್ಞಾನ ವಿಭಾಗ ನಾಡಿಗೆ ಕೊಟ್ಟ ದೊಡ್ಡ ಕೊಡುಗೆ ಗಿರಿರಾಜ. ಫಾರಮ್ಮಿನ ಬಿಳಿ ಕೋಳಿಯಂತೆ ಪಂಜರ, ಫೀಡು, ಫ್ಯಾನು ಕೇಳದೆ ತಿಪ್ಪೆ ಕೆದಕಿಯೇ ಬದುಕುವ, ಆದರೆ ನಾಟಿ ಕೋಳಿಗಿಂತ ಹೆಚ್ಚು ತೂಗುವ, ಹೆಚ್ಚು ಇಡುವ ಬಣ್ಣದ ಕೋಳಿ ಅದು. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150 ಇಡುತ್ತದೆ. ಹೇಂಟೆಯೇ ಮೂರು ಕಿಲೋ ದಾಟುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಇನ್ನೂ ಮುಂದೆ ಹೋಗಿ 180ರಿಂದ 190 ಮೊಟ್ಟೆ ಕೊಡುತ್ತದೆ. ಮೈ ಹಗುರ, ಕಾಡುಬೆಕ್ಕು ಬಂದರೆ ಹಾರಿ ತಪ್ಪಿಸಿಕೊಳ್ಳುತ್ತದೆ. ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿಯೂ ಹಿತ್ತಲಿಗೆಂದೇ ಬೆಳೆಸಿದ ತಳಿ. ನವೆಂಬರಿನ ಜಿಕೆವಿಕೆ ಕೃಷಿ ಮೇಳದಲ್ಲಿ ಕೋಳಿಗಳಿರುವ ಕಡೆ ಜನ ಮುತ್ತಿಕೊಳ್ಳುವುದನ್ನು ನೋಡಿದವರಿಗೆ ಈ ತಳಿಗಳ ಬಗ್ಗೆ ಜನರಿಗಿರುವ ಆಸೆ ಗೊತ್ತು. ಗಿರಿರಾಜ ಭಾರದ ಕೋಳಿ, ಎತ್ತರದ ಅಟ್ಟಣೆಯಿಂದ ಧುಮುಕಿದರೆ ಕಾಲಿಗೆ ಪೆಟ್ಟಾಗುತ್ತದೆ. ಅದಕ್ಕೆ ಕೂರುವ ಪಟ್ಟಿ ಮೊಣಕಾಲೆತ್ತರದಲ್ಲಿರಲಿ.

ಚಳಿಗೆ ಮೊಟ್ಟೆ ನಿಂತಿತು ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಬೆಳಕು. ಹೇಂಟೆ ಚೆನ್ನಾಗಿ ಇಡಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಂಗಳೂರಿನ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು. ಅದೇ ದಿನ ಮಾಂಟ್ರಿಯಲ್‌ನಲ್ಲಿ ಎಂಟೂಮುಕ್ಕಾಲು ಗಂಟೆಯೂ ಇರುವುದಿಲ್ಲ. ಅಲ್ಲಿ ಹಿತ್ತಲ ಕೋಳಿಗಳು ತಿಂಗಳುಗಟ್ಟಲೆ ಮೊಟ್ಟೆ ನಿಲ್ಲಿಸಿಬಿಡುತ್ತವೆ. ನಮ್ಮಲ್ಲಿ ಕಡಿಮೆಯಾಗುತ್ತದೆ, ಅಷ್ಟೇ. ಮುಂಜಾನೆ ನಾಲ್ಕೂವರೆಗೆ ಗೂಡಿನಲ್ಲೊಂದು ದೀಪ ಹಾಕಿದರೆ ಸಾಕಷ್ಟು ಸರಿಹೋಗುತ್ತದೆ. ಇದಕ್ಕೆ ಎಲ್‌ಇಡಿ ಧಾರಾಳವಾಗಿ ಆದೀತು. ಆದರೆ ಪುಕ್ಕ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತಿರುವ ಕೋಳಿಯನ್ನು ದೀಪ ಹಾಕಿ ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಬೇಕಿರುವುದು ಬಿಡುವು, ಜೊತೆಗೆ ಪುಕ್ಕ ಕಟ್ಟಲು ನೆಲಗಡಲೆ ಹಿಂಡಿಯಂಥ ಸತ್ವದ ಮೇವು.

ಇನ್ನು ಕೊಕ್ಕರೆ ರೋಗ. ಕುಮಾವೂನಿನ ರಾಣಿಖೇತಿನ ಹೆಸರು ಹೊತ್ತ ಈ ರೋಗ ಒಮ್ಮೆ ಬೀದಿಗೆ ಬಂದರೆ ಗೂಡುಗೂಡೇ ಖಾಲಿ. ಹಸಿರು ಭೇದಿ, ತಿರುಚಿದ ಕತ್ತು, ಎರಡು ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೆ. ಬಂದ ಮೇಲೆ ಔಷಧಿ ಇಲ್ಲ, ಬರುವ ಮೊದಲು ಲಸಿಕೆ ಇದೆ. ಆ ಲಸಿಕೆ ತಯಾರಾಗುವುದೂ ಹೆಬ್ಬಾಳದಲ್ಲೇ, ಮೈಸೂರು ಸಂಸ್ಥಾನದ ಕಾಲದಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೇ ವಾರದ ಹೊತ್ತಿಗೆ ರೆಕ್ಕೆಯಡಿ ಒಂದು ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಒಂದೊಂದರಲ್ಲೂ ನೂರು ಅಥವಾ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯ ಮೇಲಿರಬೇಕು. ಆರು ಕೋಳಿಯವರು ಒಬ್ಬರೇ ತರಲು ಹಿಂಜರಿಯುವುದು ಸಹಜ. ಬೀದಿಯ ಹತ್ತು ಮನೆಯವರು ಮಾತಾಡಿಕೊಂಡು, ಒಂದು ಸಂಜೆ ಕೋಳಿ ಗೂಡು ಸೇರಿದ ಮೇಲೆ ಪಶು ಆಸ್ಪತ್ರೆಯವರನ್ನು ಕರೆಸಿ ಎಲ್ಲಕ್ಕೂ ಹಾಕಿಸಿದರೆ ಖರ್ಚೂ ಉಳಿಯುತ್ತದೆ, ಲಸಿಕೆ ಹಾಕಿಸದ ಪಕ್ಕದ ಮನೆಯಿಂದ ರೋಗ ದಾಟುವ ಭಯವೂ ತಪ್ಪುತ್ತದೆ.

ಕೆರೆಯ ಪಕ್ಕದಲ್ಲಿರುವವರಿಗೆ ಇನ್ನೊಂದು ಜವಾಬ್ದಾರಿ ಇದೆ. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬಾತುಗಳು ಯಲಹಂಕ ಸುತ್ತಲಿನ ಕೆರೆಗಳಿಗೆ ಇಳಿಯುತ್ತವೆ. ಅವುಗಳ ಮೇಲೆ ಸಿಟ್ಟು ಬೇಡ, ಆದರೆ ಅವು ಮುಳುಗೇಳುವ ನೀರು ನಮ್ಮ ಕೋಳಿಯ ತಟ್ಟೆಗೆ ಬರಬಾರದು. ಕೋಳಿ, ಬಾತುಗಳನ್ನು ಕೆರೆಯಂಚಿಗೆ ಮೇಯಲು ಬಿಡಬಾರದು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದಲ್ಲೇ ಹಕ್ಕಿಜ್ವರ ಕಾಣಿಸಿ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2025ರ ಫೆಬ್ರುವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದೇ ಸಂಕಟ. ಕಾರಣ ತಿಳಿಯದೆ ಒಟ್ಟಿಗೆ ಕೋಳಿಗಳು ಸತ್ತರೆ ಮುಟ್ಟದೆ, ಚರಂಡಿಗೋ ಕೆರೆಗೋ ಎಸೆಯದೆ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಬೇಕು.

ಮೊದಲ ಸಲ ಕೋಳಿ ಸಾಕುವವರಿಗೆ ನನ್ನ ಸಲಹೆ, ಡಿಸೆಂಬರಿನಲ್ಲಿ ಮರಿ ತರಬೇಡಿ. ಈಗ ಗೂಡು ಕಟ್ಟಿಸಿ, ಸೂರಿನ ಕೆಳಗೆ ಜಾಲರಿ ಬಿಡಿಸಿ, ಹೆಬ್ಬಾಳದಲ್ಲಿ ಮರಿಗೆ ಹೆಸರು ಬರೆಸಿ. ಸಂಕ್ರಾಂತಿ ಕಳೆದು, ಫೆಬ್ರುವರಿಯ ಬಿಸಿಲು ಏರುವಾಗ ತಂದರೆ ಬಲ್ಬಿನ ಕಾವು ಕಡಿಮೆ ದಿನ ಸಾಕು, ಮರಿ ಸಾಯುವುದೂ ಕಡಿಮೆ. ಐದೂವರೆ ಆರು ತಿಂಗಳಿಗೆ, ಆಗಸ್ಟ್ ಹೊತ್ತಿಗೆ, ಮೊದಲ ಮೊಟ್ಟೆ ಬೀಳುತ್ತದೆ. ಮುಂದಿನ ಮಾಗಿಗೆ ಅವು ಪುಕ್ಕ ತುಂಬಿದ ಕೋಳಿಗಳಾಗಿರುತ್ತವೆ.