ಜೇಬಿನೊಳಗಿನ ಬಯಲಾಟ

ಹೆಬ್ಬೆರಳಿನಷ್ಟು ಉದ್ದವೂ ಇಲ್ಲದ, ಮನೆಯ ಬೀಗದ ಕೈಗಳ ಗೊಂಚಲಿನಲ್ಲಿ ತೂಗಾಡುವ ಪೆನ್ ಡ್ರೈವನ್ನು ಇಂದು ನಗರಗಳಲ್ಲಿ ಕಾಣದವರಿಲ್ಲ. ಮದುವೆಯ ಫೋಟೋಗಳು, ಮಗಳ ಕಾಲೇಜಿನ ವರದಿ, ತಂದೆಯವರ ಮೆಚ್ಚಿನ ಹಳೆಯ ಚಿತ್ರಗೀತೆಗಳು ಎಲ್ಲವೂ ಅದರಲ್ಲಿ ಅಡಗಿರುತ್ತವೆ. ಆದರೆ ಅದನ್ನು ಬರಿಯ ಉಗ್ರಾಣವೆಂದು ಎಣಿಸುವುದು ಸಲ್ಲದು. ಇಡೀ ಒಂದು ಕಂಪ್ಯೂಟರ್ ಆಟವನ್ನು ಅದರೊಳಗಿರಿಸಿಕೊಂಡು, ಹೋದಲ್ಲಿ ಸಿಕ್ಕಿದ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ, ಅಲ್ಲಿಂದಲೇ ಆಡಿ, ಮುಗಿದ ಮೇಲೆ ಕಿತ್ತುಕೊಂಡು ಹೊರಟುಬಿಡಬಹುದು. ಆ ಯಂತ್ರದಲ್ಲಿ ಏನನ್ನೂ ಸ್ಥಾಪಿಸಬೇಕಾದುದಿಲ್ಲ. ಆಡಿದ್ದೆಷ್ಟು, ಗೆದ್ದದ್ದೆಷ್ಟು ಎಂಬ ಲೆಕ್ಕವೂ ಆಟಗಾರನ ಜೇಬಿನಲ್ಲಿಯೇ ಹಿಂದಿರುಗುತ್ತದೆ.

ಇದೆಲ್ಲ ಹುಡುಗಾಟಿಕೆಯ ಮಾತೆಂದು ಹಿರಿಯರು ಪುಟ ಮಗುಚುವ ಮುನ್ನ ಒಂದು ವಿಷಯವನ್ನು ಗಮನಿಸಬೇಕೆಂದು ಕೋರುತ್ತೇನೆ. ಹಣ ತೆತ್ತು ತಂದ ವಸ್ತು ನಿಜವಾಗಿಯೂ ನಮ್ಮದೇ, ಅಥವಾ ಮಾರಿದವನ ಮರ್ಜಿ ಇರುವವರೆಗೆ ಮಾತ್ರ ನಮ್ಮದೇ ಎಂಬ ಪ್ರಶ್ನೆ ಈ ಆಟಿಕೆಯ ಬೆನ್ನಿಗೆ ಅಂಟಿಕೊಂಡಿದೆ.

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟವನ್ನು ಕಂಡವರಿಗೆ ಇದರ ಮರ್ಮ ಬೇಗನೆ ತಿಳಿದೀತು. ಸಂಜೆ ಮೇಳ ಊರಿಗೆ ಬರುತ್ತದೆ. ವೇಷದ ಪೆಟ್ಟಿಗೆಗಳು, ಚೆಂಡೆ ಮದ್ದಳೆಗಳು, ದೀಪಗಳು ಎಲ್ಲವೂ ಮೇಳದೊಡನೆಯೇ ಬರುತ್ತವೆ. ಊರವರು ಒದಗಿಸಬೇಕಾದದ್ದು ಕೊಯಿಲು ಮುಗಿದ ಒಂದು ಗದ್ದೆ. ಬೆಳಗಾಗುವಷ್ಟರಲ್ಲಿ ಪೆಟ್ಟಿಗೆಗಳು ಕಟ್ಟಿಕೊಂಡು ಮುಂದಿನ ಊರಿನ ದಾರಿ ಹಿಡಿದಿರುತ್ತವೆ; ಗದ್ದೆ ಗದ್ದೆಯಾಗಿಯೇ ಉಳಿದಿರುತ್ತದೆ. ಪಟ್ಟಣದ ಕಾಯಂ ನಾಟಕಶಾಲೆಯ ರೀತಿ ಬೇರೆ. ಅದರ ಪರದೆಗಳು ತೊಲೆಗೆ ಬಿಗಿದಿರುತ್ತವೆ, ಆಸನಗಳು ನೆಲಕ್ಕೆ ನೆಟ್ಟಿರುತ್ತವೆ. ಅದನ್ನು ಎತ್ತಿಕೊಂಡು ಹೋಗುವುದು ಯಾರಿಂದಾದೀತು?

ಇಂದಿನ ಕಂಪ್ಯೂಟರ್ ಆಟಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಗೆ ಸೇರಿದವು. ವಿಂಡೋಸ್ ಯಂತ್ರದಲ್ಲಿ ಆಟವನ್ನು ಸ್ಥಾಪಿಸಿದಾಗ ಅದು ಒಂದೇ ಕಡೆ ಕೂರುವುದಿಲ್ಲ. ಮುಖ್ಯ ಭಾಗ ಒಂದು ಫೋಲ್ಡರಿನಲ್ಲಿರುತ್ತದೆ. ತನ್ನ ವಿಳಾಸವನ್ನೂ ಹೊಂದಾಣಿಕೆಗಳನ್ನೂ ಅದು ರಿಜಿಸ್ಟ್ರಿ ಎಂಬ ವಿಂಡೋಸಿನ ದಫ್ತರದಲ್ಲಿ ಬರೆಸುತ್ತದೆ. ನೆರವಿನ ಕಡತಗಳು ಕೆಲವನ್ನು ವ್ಯವಸ್ಥೆಯ ಒಡಲಿಗೇ ಸೇರಿಸುತ್ತದೆ. ಆಟಗಾರ ಎಲ್ಲಿಯವರೆಗೆ ಬಂದನೆಂಬ ದಾಖಲೆಯನ್ನು ಅವನ ಸ್ವಂತ ಕಡತಗಳ ನಡುವೆ ಎಲ್ಲಿಯೋ ಇಡುತ್ತದೆ. ಹೀಗಿರುವಾಗ ಮುಖ್ಯ ಫೋಲ್ಡರನ್ನು ಪೆನ್ ಡ್ರೈವಿಗೆ ಇಳಿಸಿಕೊಂಡರೆ ಮೇಳದ ಒಂದು ಪೆಟ್ಟಿಗೆ ಬಂದು ಉಳಿದವು ಹಿಂದೆಯೇ ನಿಂತಂತಾಯಿತು. ಬೇಸಗೆಯ ರಜೆಯಲ್ಲಿ ಸೋದರಮಾವನ ಮನೆಯಲ್ಲಿ ಹತ್ತು ಹಂತ ಗೆದ್ದ ಹುಡುಗ ತನ್ನೂರಿಗೆ ಬಂದು ಆಟ ತೆರೆದರೆ, ಒಂದೋ ಅದು ತೆರೆಯುವುದೇ ಇಲ್ಲ, ತೆರೆದರೂ ಮೊದಲನೆಯ ಹಂತದಲ್ಲಿಯೇ ನಿಂತಿರುತ್ತದೆ.

ಇನ್ನೊಂದು ತೊಡಕು ವಿಳಾಸದ್ದು. ಒಂದು ಯಂತ್ರದಲ್ಲಿ ‘ಇ’ ಎಂಬ ಅಕ್ಷರ ಪಡೆದ ಪೆನ್ ಡ್ರೈವ್ ಮತ್ತೊಂದರಲ್ಲಿ ‘ಜಿ’ ಆಗಬಹುದು. ತನ್ನ ಚಿತ್ರಗಳು ‘ಇ’ ಎಂಬಲ್ಲಿ ಇವೆಯೆಂದು ಗಟ್ಟಿಮಾಡಿಕೊಂಡ ಆಟ ಹೊಸ ಯಂತ್ರದಲ್ಲಿ ದಾರಿ ತಪ್ಪಿ ನಿಲ್ಲುತ್ತದೆ. ‘ನಾನು ಎಲ್ಲಿರುವೆನೋ ಅದರ ಪಕ್ಕದ ಕೋಣೆಯಲ್ಲಿ’ ಎಂದು ಬರೆದುಕೊಂಡ ಆಟಕ್ಕೆ ಈ ಕಷ್ಟವಿಲ್ಲ. ಮನೆ ಬದಲಾದರೂ ಪಕ್ಕದ ಕೋಣೆ ಪಕ್ಕದಲ್ಲಿಯೇ ಇರುತ್ತದಷ್ಟೆ.

ಸೋಜಿಗದ ಸಂಗತಿಯೆಂದರೆ, ಹಳೆಯ ಕಾಲದ ಆಟಗಳೇ ಈ ಬಯಲಾಟದ ಧರ್ಮಕ್ಕೆ ಹೆಚ್ಚು ಹತ್ತಿರ. ೧೯೯೩ರ ಡಿಸೆಂಬರ್ ೧೦ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆ ‘ಡೂಮ್’ ಎಂಬ ಆಟವನ್ನು ಹೊರತಂದಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಂಪ್ಯೂಟರೊಂದಕ್ಕೆ ಅದನ್ನು ಮೊದಲು ಏರಿಸಿದಾಗ, ಕಾದು ಕುಳಿತಿದ್ದವರ ನೂಕುನುಗ್ಗಲಿಗೆ ಆ ವ್ಯವಸ್ಥೆಯೇ ಕುಸಿಯಿತು. ಮೊದಲ ಕಾಂಡ ಉಚಿತ, ಯಾರು ಬೇಕಾದರೂ ಪ್ರತಿಮಾಡಿ ಹಂಚಬಹುದು; ಮುಂದಿನ ಕಾಂಡಗಳು ಬೇಕಾದವರು ಹಣ ಕಳುಹಿಸಿ ತರಿಸಿಕೊಳ್ಳಬೇಕು ಎಂಬುದು ಅವರ ವ್ಯಾಪಾರದ ಜಾಣ್ಮೆ. ಪಿಶಾಚಿಗಳನ್ನು ಗುಂಡಿಟ್ಟು ಕೆಡಹುತ್ತ ಸಾಗುವ ಆ ಆಟದ ರುಚಿ ನನಗೆ ಹಿಡಿಸಿದ್ದಲ್ಲ, ಎಳೆಯರ ಕೈಗೆ ಕೊಡತಕ್ಕದ್ದೂ ಅಲ್ಲ. ಆದರೆ ಅದರ ಒಳಗಟ್ಟು ನೋಡತಕ್ಕದ್ದು. ಅದರ ಮುಖ್ಯ ಶಿಲ್ಪಿಯಾದ ಜಾನ್ ಕಾರ್ಮಾಕ್, ಆಟವನ್ನು ನಡೆಸುವ ಯಂತ್ರಭಾಗವನ್ನೂ ಆಟದ ಚಿತ್ರ, ಧ್ವನಿ, ನಕ್ಷೆಗಳನ್ನೂ ಬೇರೆ ಬೇರೆಯಾಗಿ ಇರಿಸಿದರು. ಎರಡನೆಯದೆಲ್ಲ ‘ವ್ಯಾಡ್’ ಎಂಬ ಒಂದೇ ಕಡತದಲ್ಲಿ ಅಡಕವಾಯಿತು. ಉಚಿತ ಕಾಂಡದ ಆ ಕಡತ ಸುಮಾರು ೪ ಮೆಗಾಬೈಟು. ಮೇಳ ಒಂದೇ, ಪ್ರಸಂಗ ಬದಲಾಗಬಹುದು ಎಂಬ ನಮ್ಮ ಬಯಲಾಟದ ಕ್ರಮವೇ ಇದು.

೧೯೯೭ರಲ್ಲಿ ಆ ಸಂಸ್ಥೆ ಯಂತ್ರಭಾಗದ ಮೂಲಬರಹವನ್ನೇ ಲೋಕಕ್ಕೆ ಬಿಟ್ಟುಕೊಟ್ಟಿತು. ೧೯೯೯ರಲ್ಲಿ ಅದು ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಮುಕ್ತ ಪರವಾನಗಿಯ ಕೆಳಗೆ ಬಂದಿತು. ಅಂದಿನಿಂದ ದೇಶದೇಶಗಳ ಉತ್ಸಾಹಿಗಳು ಅದನ್ನು ಹೊಸ ಹೊಸ ಯಂತ್ರಗಳಿಗೆ ಹೊಂದಿಸುತ್ತ ಬಂದಿದ್ದಾರೆ. ಮೂಲದ ಚಿತ್ರ ಧ್ವನಿಗಳ ಹಕ್ಕು ಈಗಲೂ ಒಡೆಯರದೇ ಆದ್ದರಿಂದ, ‘ಫ್ರೀಡೂಮ್’ ಎಂಬ ಹೆಸರಿನಲ್ಲಿ ಸ್ವಯಂಸೇವಕರ ತಂಡವೊಂದು ಎಲ್ಲವನ್ನೂ ಹೊಸದಾಗಿ ರಚಿಸಿ ಉಚಿತವಾಗಿ ಒದಗಿಸಿದೆ. ಪೆನ್ ಡ್ರೈವ್ ಮಾರುಕಟ್ಟೆಗೆ ಬಂದದ್ದು ೨೦೦೦ದಲ್ಲಿ. ಅಮೆರಿಕದಲ್ಲಿ ಐಬಿಎಂ ಹೆಸರಿನಲ್ಲಿ ಮಾರಾಟವಾದ ಮೊದಲ ಮಾದರಿಯ ಹಿಡಿತ ೮ ಮೆಗಾಬೈಟು, ಎಂದರೆ ಐದಾರು ಫ್ಲಾಪಿಗಳಷ್ಟು. ಡೂಮಿನ ಉಚಿತ ಕಾಂಡ ಅದರಲ್ಲಿ ಹಿಡಿದು ಇನ್ನೂ ಜಾಗ ಮಿಗುತ್ತಿತ್ತು.

ಹಳೆಯ ಡಾಸ್ ಕಾಲದ ಆಟಗಳು ಇಂದಿನ ವಿಂಡೋಸಿನಲ್ಲಿ ನೇರವಾಗಿ ನಡೆಯಲಾರವು. ಇದಕ್ಕೆ ೨೦೦೨ರಲ್ಲಿ ಬಂದ ಡಾಸ್‌ಬಾಕ್ಸ್ ಪರಿಹಾರ ಕಂಡುಹಿಡಿಯಿತು. ಅದು ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಕಟ್ಟುತ್ತದೆ. ಪೆನ್ ಡ್ರೈವಿನ ಒಂದು ಫೋಲ್ಡರನ್ನೇ ತೋರಿಸಿ ‘ಇದೇ ನಿನ್ನ ಸಿ ಡ್ರೈವ್’ ಎಂದು ಆಟವನ್ನು ನಂಬಿಸುತ್ತದೆ. ಪಾಪ, ಆಟ ನಂಬುತ್ತದೆ, ತನ್ನ ಲೆಕ್ಕಪತ್ರಗಳನ್ನೆಲ್ಲ ಅಲ್ಲಿಯೇ ಇಡುತ್ತದೆ. ೨೦೦೧ರಲ್ಲಿ ಆರಂಭವಾದ ಸ್ಕಮ್‌ವಿಎಂ ಕೆಲವು ಹಳೆಯ ಕಥಾಪ್ರಧಾನ ಆಟಗಳಿಗೆ ಇಂಥದೇ ಉಪಕಾರ ಮಾಡಿದೆ. ೧೯೯೪ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಎಂಬ ಬ್ರಿಟಿಷ್ ಆಟವನ್ನು ಅದರ ಒಡೆಯರು ೨೦೦೩ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟಾಗ ಅದನ್ನು ಹೊಸ ಯಂತ್ರಗಳಲ್ಲಿ ನಡೆಸಿದ್ದು ಇದೇ.

ಹೊಸ ಆಟಗಳಲ್ಲಿಯೂ ಬಯಲಾಟದ ಜಾತಿಯವು ಇಲ್ಲದಿಲ್ಲ. ಜಪಾನಿನ ದೈಸುಕೆ ಅಮಾಯಾ ಎಂಬವರು ಬಿಡುವಿನ ವೇಳೆಯಲ್ಲಿ ಐದು ವರ್ಷ ದುಡಿದು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಒಬ್ಬರೇ ರಚಿಸಿ ೨೦೦೪ರಲ್ಲಿ ಉಚಿತವಾಗಿ ಕೊಟ್ಟ ‘ಕೇವ್ ಸ್ಟೋರಿ’ ಅವುಗಳಲ್ಲಿ ಒಂದು. ಗುಹೆಯೊಂದರಲ್ಲಿ ನೆನಪು ಕಳೆದುಕೊಂಡು ಎಚ್ಚತ್ತವನ ಕಥೆ ಅದು. ಆ ಫೋಲ್ಡರನ್ನು ಎಲ್ಲಿಟ್ಟರೂ ಅಲ್ಲಿಯೇ ನಡೆಯುತ್ತದೆ. ಆಟಗಾರನ ಪ್ರಗತಿಯೂ ಅದೇ ಫೋಲ್ಡರಿನಲ್ಲಿ ಉಳಿಯುತ್ತದೆ. ನೂರು ಗಿಗಾಬೈಟು ಮೀರಿದ ಇಂದಿನ ದೈತ್ಯ ಆಟಗಳನ್ನು ಹೀಗೆ ಹೊತ್ತು ತಿರುಗುವ ಮಾತು ಬೇರೆ. ಹಳೆಯ ಪದ್ಧತಿಯಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವಿನಲ್ಲಿ ೪ ಗಿಗಾಬೈಟಿಗಿಂತ ದೊಡ್ಡದಾದ ಒಂದೇ ಕಡತ ಕೂರುವುದೂ ಇಲ್ಲ.

ಹೊತ್ತು ತಿರುಗುವ ವಸ್ತು ಸೋಂಕನ್ನೂ ಹೊತ್ತು ತಿರುಗುತ್ತದೆಂಬುದನ್ನು ಮರೆಯಬಾರದು. ೨೦೦೮ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಪಿಡುಗು ಹರಡಿದ ದಾರಿಗಳಲ್ಲಿ ಪೆನ್ ಡ್ರೈವೂ ಒಂದು. ಡ್ರೈವನ್ನು ಸಿಕ್ಕಿಸಿದೊಡನೆ ಅದರಲ್ಲಿನ ಕ್ರಮವಿಧಿ ತಾನಾಗಿ ಏಳಬಲ್ಲ ಸೌಕರ್ಯ ಅಂದಿನ ವಿಂಡೋಸಿನಲ್ಲಿತ್ತು. ಕಳ್ಳನಿಗೆ ಅದೇ ತೆರೆದ ಬಾಗಿಲಾಯಿತು. ೨೦೧೧ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸುಗಳಲ್ಲಿಯೂ ಆ ಬಾಗಿಲು ಮುಚ್ಚಿತು. ಆದರೂ ಕಚೇರಿಯ ಲ್ಯಾಪ್‌ಟಾಪಿಗೆ ಮಗನ ಆಟದ ಡ್ರೈವನ್ನು ಸಿಕ್ಕಿಸುವ ತಂದೆಯರು ಎರಡು ಬಾರಿ ಯೋಚಿಸುವುದು ಲೇಸು. ಗುರುತು ಬಿಡದೆ ಹೋಗುವ ಆಟ ಎಂದೊಡನೆ ಅನುಮತಿ ಬೇಡವೆಂದು ಅರ್ಥವಲ್ಲ; ಗದ್ದೆಯ ಯಜಮಾನನನ್ನು ಕೇಳದೆ ಯಾವ ಮೇಳವೂ ರಂಗ ಕಟ್ಟುವುದಿಲ್ಲ.

ಈಗ ಆರಂಭದ ಪ್ರಶ್ನೆಗೆ ಬರೋಣ. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ ೨೦೧೪ರಲ್ಲಿ ‘ದಿ ಕ್ರೂ’ ಎಂಬ ಮೋಟಾರು ಪಂದ್ಯದ ಆಟವನ್ನು ಮಾರಿತು. ಒಬ್ಬನೇ ಕುಳಿತು ಆಡಿದರೂ ಸಂಸ್ಥೆಯ ಕಂಪ್ಯೂಟರಿನೊಡನೆ ಅಂತರ್ಜಾಲದ ಸಂಪರ್ಕ ಇರಲೇಬೇಕು. ೨೦೨೪ರ ಮಾರ್ಚ್ ೩೧ರಂದು ಸಂಸ್ಥೆ ಆ ಕಂಪ್ಯೂಟರುಗಳನ್ನು ನಿಲ್ಲಿಸಿತು. ಕೊಂಡವರ ಮನೆಯಲ್ಲಿ ತಟ್ಟೆ ಇದೆ, ಹೊದಿಕೆ ಇದೆ. ಆಟ ಮಾತ್ರ ಇಲ್ಲ. ಇದರಿಂದ ಕೆರಳಿದವರು ಹೂಡಿದ ಚಳವಳಿಗೆ ಐರೋಪ್ಯ ಒಕ್ಕೂಟದಲ್ಲಿ ೨೦೨೫ರಲ್ಲಿ ಹತ್ತು ಲಕ್ಷಕ್ಕೂ ಮೀರಿದ ಸಹಿಗಳು ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ ೨೦೨೪ರಲ್ಲಿ ಒಂದು ಕಾನೂನು ಮಾಡಿತು: ಇಂತಹ ಸರಕನ್ನು ಮಾರುವವರು, ತಾವು ಕೊಡುತ್ತಿರುವುದು ಬರಿಯ ಪರವಾನಗಿಯಾದರೆ ಅದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕು. ತಿಳಿಸಿದರಾಯಿತೇ ಎಂದು ಕೇಳುವವರೂ ಉಂಟು. ಅವರ ಪಕ್ಷ ನನ್ನದು.

ಬೀಗವಿಲ್ಲದೆ ಮಾರುವವರೂ ಇದ್ದಾರೆ. ೨೦೦೮ರಲ್ಲಿ ಪೋಲೆಂಡಿನಲ್ಲಿ ಆರಂಭವಾದ ‘ಗಾಗ್’ ಎಂಬ ಮಳಿಗೆಯಲ್ಲಿ ಕೊಂಡ ಆಟದ ಕಡತಗಳನ್ನು ಇಳಿಸಿ ತೆಗೆದಿಟ್ಟುಕೊಂಡರೆ ಮುಂದೆ ಮಳಿಗೆಯ ಅಪ್ಪಣೆ ಬೇಡ. ಅಲ್ಲಿನ ಹಳೆಯ ಆಟಗಳು ಅನೇಕ ಡಾಸ್‌ಬಾಕ್ಸಿನೊಡನೆಯೇ ಕಟ್ಟಿ ಬರುತ್ತವೆ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಪ್ರಕರಣವೂ, ಕಂಪ್ಯೂಟರ್ ಕ್ರಮವಿಧಿಯ ಪ್ರತಿಯನ್ನು ನ್ಯಾಯವಾಗಿ ಪಡೆದವನು ನಾಶನಷ್ಟಗಳಿಂದ ತಾತ್ಕಾಲಿಕ ರಕ್ಷಣೆಗಾಗಿ ಮತ್ತೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ನೆರೆಮನೆಯವನಿಗೆ ಹಂಚಲು ಕೊಡುವುದಿಲ್ಲ.

ಆ ಎರಡನೆಯ ಪ್ರತಿ ಅವಶ್ಯವೇ ಸರಿ. ಜಪಾನಿನ ಫುಜಿಯೊ ಮಸುವೊಕ ೧೯೮೪ರಲ್ಲಿ ಲೋಕದ ಮುಂದಿಟ್ಟ ಫ್ಲ್ಯಾಶ್ ಸ್ಮೃತಿಯೇ ಪೆನ್ ಡ್ರೈವಿನ ಜೀವಾಳ. ಕ್ಯಾಮರಾದ ಮಿಂಚಿನಂತೆ ಒಮ್ಮೆಗೇ ಅಳಿಸಬಹುದೆಂದು ಅದಕ್ಕೆ ಆ ಹೆಸರು ಬಂದಿತು. ಅದರ ಕಣಗಳಲ್ಲಿ ಸಿಕ್ಕಿಸಿಟ್ಟ ವಿದ್ಯುದಂಶವೇ ಬರಹ. ಬರೆದಳಿಸಿದಂತೆಲ್ಲ ಕಣ ಸವೆಯುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ವಿದ್ಯುತ್ತು ಮೆಲ್ಲನೆ ಸೋರುತ್ತದೆ. ಆಟ ಬರೆಯುತ್ತಿರುವಾಗಲೇ ಡ್ರೈವನ್ನು ಕಿತ್ತರಂತೂ ಕಡತ ಅರ್ಧಕ್ಕೇ ನಿಂತೀತು. ಆದುದರಿಂದ ಆಡಿ ಬಂದ ಮೇಲೆ ಉಳಿಸಿದ ಆಟದ ಕಡತವನ್ನು ಮನೆಯ ಕಂಪ್ಯೂಟರಿಗೆ ಒಮ್ಮೆ ಪ್ರತಿಮಾಡಿಕೊಳ್ಳುವುದು ಒಳ್ಳೆಯದು. ಕೇವ್ ಸ್ಟೋರಿಯಲ್ಲಿ ಆ ಕಡತ ಎರಡು ಕಿಲೋಬೈಟಿನಷ್ಟೂ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅನಂತರ ಡ್ರೈವು ಸಿಟಿ ಬಸ್ಸಿನಲ್ಲಿ ಜಾರಿ ಬಿದ್ದುಹೋದರೂ, ಹೊಸದೊಂದನ್ನು ಕೊಂಡು ತಂದ ಹುಡುಗ ಗುಹೆಯೊಳಗೆ ತಾನು ನಿಂತಿದ್ದ ತಾವಿನಿಂದಲೇ ಮುಂದಕ್ಕೆ ಹೊರಡಬಹುದು.